ಪಹಣಿಯಲ್ಲಿ ಸೊಸೆಯ ಹೆಸರು

ಕೊಡಗಿನ ಅಮ್ಮತ್ತಿ, ಒಂಟಿಯಂಗಡಿ ಕಡೆ ಈಗ ಯಾರ ಮನೆಯಲ್ಲಿ ಮದುವೆಯ ಮಾತು ಎತ್ತಿದರೂ ಕಾಫಿ ರೇಟು ನಡುವೆ ಬಂದೇ ಬರುತ್ತದೆ. ರೋಬಸ್ಟಾ ಚೆರ್ರಿ 50 ಕೆ.ಜಿ. ಚೀಲಕ್ಕೆ 2024ರಲ್ಲಿ ಹತ್ತು ಸಾವಿರ ರೂಪಾಯಿ ದಾಟಿತಲ್ಲ, ಅಲ್ಲಿಂದ ತೋಟದ ಹುಡುಗರನ್ನು ನೋಡುವ ಕಣ್ಣೇ ಬದಲಾಯಿತು. ಅದಕ್ಕೆ ಮೊದಲು "ಹುಡುಗ ತೋಟದಲ್ಲೇ ಇರೋದಾ?" ಎಂದು ಕೇಳಿ, ಹೌದು ಎಂದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಈಗ "ಎಷ್ಟು ಏಕರೆ? ನೀರಿದೆಯಾ? ಕರಿಮೆಣಸು ಎಷ್ಟಾಗ್ತದೆ?" ಎಂದು ಮುಂದುವರಿಯುತ್ತದೆ. ಹುಡುಗನ ಕಡೆಯವರೂ ಸುಮ್ಮನಿಲ್ಲ. ಹುಡುಗಿಯ ಸಂಬಳ ಎಷ್ಟು, ಮನೆಯಿಂದಲೇ ಕೆಲಸ ಮಾಡಲು ಆಗುತ್ತದೆಯೇ ಎಂದು ವಿಚಾರಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಇಬ್ಬರು ಸೇರಿ ಐವತ್ತು ವರ್ಷ ಬದುಕು ನಡೆಸಬೇಕಾದರೆ ದುಡ್ಡಿನ ಮಾತು ಬೇಕೇ ಬೇಕು. ನನಗೆ ಬೇಸರವಾಗುವುದು ಬೇರೆ ವಿಷಯಕ್ಕೆ. ಇಷ್ಟೆಲ್ಲ ಕೇಳುವ ಹಿರಿಯರು "ಅದೆಲ್ಲ ಯಾರ ಹೆಸರಿನಲ್ಲಿದೆ?" ಎಂದು ಮಾತ್ರ ಕೇಳುವುದಿಲ್ಲ.

ನಮ್ಮಲ್ಲಿ ವರದಕ್ಷಿಣೆ ಕೇಳುವ ಪದ್ಧತಿ ಇಲ್ಲ. ಕೊಡವರು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತಿದು, ನಾನೂ ಹೇಳುತ್ತೇನೆ. ಮದುಮಗಳ ಕೊರಳಿಗೆ ಪತ್ತಾಕ್ ಎಂಬ ಮಾಂಗಲ್ಯ ಕಟ್ಟುವವಳು ಅವಳ ತಾಯಿ. ಮದುವೆಗೆ ಪುರೋಹಿತರಿಲ್ಲ, ಬಂದವರೆಲ್ಲ ಸಾಲಾಗಿ ಬಂದು ಅಕ್ಕಿ ಹಾಕಿ, ಕಿಂಡಿಯ (ಮೂತಿಯಿರುವ ಪುಟ್ಟ ಪಾತ್ರೆಯ) ಹಾಲು ಕುಡಿಸಿ, ಕೈಗೆ ದುಡ್ಡಿಟ್ಟು ಹರಸುತ್ತಾರೆ. ಆಮೇಲೆ ನಡೆಯುವ 'ಸಂಬಂಧ ಅಡ್‌ಕುವ' ಶಾಸ್ತ್ರದಲ್ಲಿ ಎರಡೂ ಒಕ್ಕಗಳ (ಮನೆತನಗಳ) ಅರುವರು, ಅಂದರೆ ಮನೆತನದ ಪರವಾಗಿ ಮಾತನಾಡುವ ಹಿರಿಯರು, ಎದುರುಬದುರು ನಿಂತು ಮಾತಿನ ಕರಾರು ಮಾಡಿಕೊಳ್ಳುತ್ತಾರೆ. ನಮ್ಮ ಮಗಳಿಗೆ ನಿಮ್ಮ ಮನೆಯ ಗದ್ದೆಯಲ್ಲಿ, ದನಕರುಗಳಲ್ಲಿ, ಪಾತ್ರೆಪಗಡೆಗಳಲ್ಲಿ ಹಕ್ಕುಂಟೋ ಎಂದು ಹೆಣ್ಣಿನ ಕಡೆಯ ಅರುವ ಕೇಳುತ್ತಾನೆ, ಉಂಟು ಎಂದು ಗಂಡಿನ ಕಡೆಯವನು ಒಪ್ಪುತ್ತಾನೆ. ಹನ್ನೆರಡು ಸಣ್ಣ ಕಲ್ಲುಗಳ ಲೆಕ್ಕ ಅದು. ಹನ್ನೊಂದು ಗಂಡನ ಮನೆಯ ಹಕ್ಕು, ಒಂದು ತವರಿನ ಜೊತೆ ಉಳಿಯುವ ನಂಟು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು 'ಪಟ್ಟೋಲೆ ಪಳಮೆ'ಯಲ್ಲಿ ಕೊಡವರ ಪದ್ಧತಿಗಳನ್ನೂ ಹಾಡುಗಳನ್ನೂ ಬರೆದಿಟ್ಟರು. ನೂರು ವರ್ಷದ ಮೇಲೂ ವಿರಾಜಪೇಟೆಯ ಕೊಡವ ಸಮಾಜದಲ್ಲಿ ಈ ಶಾಸ್ತ್ರ ನಡೆಯುವುದನ್ನು ನೋಡುವಾಗ ನನ್ನ ಕಣ್ಣು ತುಂಬುತ್ತದೆ. ಗಂಡನ ಮನೆಗೆ ಬರುವ ಹೆಣ್ಣಿನ ಆರ್ಥಿಕ ಹಕ್ಕನ್ನು ಊರವರ ಎದುರು ಬಾಯಿಬಿಟ್ಟು ಹೇಳಿಸುವ ಶಾಸ್ತ್ರ ಇದ್ದರೆ ಹೀಗಿರಬೇಕು.

ಆದರೆ ತಾಲ್ಲೂಕು ಕಚೇರಿಗೆ ಆ ಕಲ್ಲುಗಳ ಲೆಕ್ಕ ಗೊತ್ತಿಲ್ಲ. ಅಲ್ಲಿ ನಡೆಯುವುದು ಪಹಣಿಯ 9ನೇ ಕಾಲಂ. ಅಲ್ಲಿ ಹೆಸರಿದ್ದವರು ಮಾಲೀಕರು. ಒಕ್ಕಕ್ಕೆ ಸೇರಿದ ಜಮ್ಮ ಜಾಗವಾದರೆ ಪಟ್ಟೆದಾರರ ಹೆಸರು, ಅದರ ಜೊತೆಗೆ ಒಕ್ಕದ ಗಂಡಸರ ಉದ್ದನೆಯ ಪಟ್ಟಿ. ಒಬ್ಬೊಬ್ಬರ ಸ್ವಂತದ ಸಾಗು ಜಾಗವಾದರೆ ಮಾವನದೋ ಗಂಡನದೋ ಹೆಸರು. ಸೊಸೆಯ ಹೆಸರು ಬರುವುದು ಸಾಮಾನ್ಯವಾಗಿ ಗಂಡ ತೀರಿಕೊಂಡ ಮೇಲೆ. ಇದು ಕೊಡಗಿನದೊಂದೇ ಕತೆಯಲ್ಲ. 2015-16ರ ಕೃಷಿ ಗಣತಿಯಲ್ಲಿ ದೇಶದ ಕೃಷಿ ಹಿಡುವಳಿದಾರರ ಪೈಕಿ ಹೆಂಗಸರು ಸುಮಾರು ಶೇ. 14 ಮಾತ್ರ. ಗದ್ದೆ ತೋಟಗಳಲ್ಲಿ ಬೆವರು ಸುರಿಸುವವರನ್ನು ಎಣಿಸಿದರೆ ಈ ಲೆಕ್ಕ ಹೀಗಿರುತ್ತಿತ್ತೇ?

ನಾನು ಮೈಸೂರಿನ ಆಫೀಸು ಕೆಲಸ ಬಿಟ್ಟು ಅಮ್ಮತ್ತಿಯ ಈ ತೋಟಕ್ಕೆ ಬಂದವಳು. ಕಾಫಿ ಕೊಯ್ಲಿನ ಕಾಲದಲ್ಲಿ ಸಂಜೆ ತೂಕ ಬರೆಯುವುದು, ಕಣದಲ್ಲಿ ಕಾಫಿ ತಿರುವಿಸುವುದು, ಕೂಲಿಯಾಳುಗಳ ಲೆಕ್ಕ ಬರೆಯುವ ಚೆಕ್‌ರೋಲ್ ನೋಡುವುದು, ಬಟವಾಡೆಗೆ ದುಡ್ಡು ಎಣಿಸಿಡುವುದು, ಎಲ್ಲವೂ ಮೊದಲ ವರ್ಷದಿಂದಲೇ ನನ್ನ ಪಾಲಿಗೆ ಬಂತು. ಖುಷಿಯಿಂದಲೇ ಮಾಡಿದೆ. ಹಣ ಮಾತ್ರ ಗಂಡನ ಒಂಟಿ ಖಾತೆಯಲ್ಲಿ ಓಡಾಡುತ್ತಿತ್ತು. ಮನೆಯಲ್ಲಿ ಯಾರೂ ಅದನ್ನು ಬೇಕೆಂದು ಹಾಗೆ ಇಟ್ಟಿರಲಿಲ್ಲ. ಮಾವನ ಕಾಲದಿಂದ ನಡೆದುಕೊಂಡು ಬಂದದ್ದು.

ಒಂದು ಜನವರಿಯಲ್ಲಿ, ಹಣ್ಣು ಗಿಡದಲ್ಲೇ ಕಪ್ಪಾಗುತ್ತಿದ್ದ ಹೊತ್ತಿಗೆ, ಗಂಡ ಜೀಪು ಅಪಘಾತದಲ್ಲಿ ಪೆಟ್ಟಾಗಿ ಮೈಸೂರಿನ ಆಸ್ಪತ್ರೆ ಸೇರಿದರು. ಮಾತನಾಡುವ ಸ್ಥಿತಿಯಲ್ಲಿರಲಿಲ್ಲ. ಖಾತೆಯಲ್ಲಿ ದುಡ್ಡಿತ್ತು, ತೆಗೆಯುವಂತಿಲ್ಲ. ಬ್ಯಾಂಕಿನವರು "ಯಜಮಾನರ ಸಹಿ ಬೇಕು" ಎಂದರು; ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ನಾನು ನಾಮಿನಿ ಅಂತ ಪಾಸ್‌ಬುಕ್ ತೋರಿಸಿದೆ. ನಾಮಿನಿಗೆ ಖಾತೆದಾರ ಬದುಕಿರುವಾಗ ಯಾವ ಅಧಿಕಾರವೂ ಇಲ್ಲ. ಅವರು ತೀರಿಕೊಂಡ ಮೇಲೂ ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ತಲುಪಿಸುವ ಜನ ಅಷ್ಟೇ. ಆ ಹಣದ ಒಡೆತನ ವಾರಸಾ ಕಾನೂನಿನಂತೆಯೇ ಹೋಗುತ್ತದೆ. ಕಾಫಿ ವ್ಯಾಪಾರಿ ವರ್ಷಗಟ್ಟಲೆ ನಮ್ಮ ಮನೆಯಿಂದಲೇ ಕಾಫಿ ಎತ್ತಿದವರು, ನನ್ನ ಕೈಯಿಂದಲೇ ತೂಕದ ಚೀಟಿ ತೆಗೆದುಕೊಂಡವರು. ಅವರೂ ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೇ ಹಣ ಹಾಕಬೇಕು ಎಂದರು. ಬಟವಾಡೆಯ ಶನಿವಾರ ಬಂತು. ಲೈನ್ ಮನೆಯ ಕೂಲಿಕಾರರು ಅಂಗಳದಲ್ಲಿ ಬಂದು ನಿಂತರು. ನಾನು ಜೋಮಾಲೆ ಸರ ಒಂದನ್ನು ಉಳಿಸಿಕೊಂಡು ಬಳೆ, ಬೇರೆ ಸರಗಳನ್ನು ಅಡವಿಟ್ಟು ಬಟವಾಡೆ ಮಾಡಿದೆ. ಆ ವರ್ಷದ ಬೆಳೆ ಮನೆಗೆ ಬಂದದ್ದು ಹಾಗೆ.

ಗಂಡ ಗುಣವಾಗಿ ಬಂದ ಮೇಲೆ ಒಡವೆ ಬಿಡಿಸಿಕೊಟ್ಟರು. ಎಲ್ಲ ಮನೆಗಳಲ್ಲೂ ಹೀಗೆ ಬಿಡಿಸಿಕೊಡುವುದಿಲ್ಲ ಎಂಬುದು ನನಗೆ ಗೊತ್ತು. ಫೆಬ್ರವರಿ ಬಂದರೆ ಹೂವಿಗೆ ನೀರು ಕೊಡಬೇಕು, ಸ್ಪ್ರಿಂಕ್ಲರ್ ಪೈಪು, ಡೀಸೆಲ್, ಮೋಟಾರು. ಆಗ ಅಡವಿಗೆ ಹೋಗುವುದು ಹೆಂಡತಿಯ ಚಿನ್ನವೇ. ಸ್ಪ್ರಿಂಕ್ಲರಿನ ಬಿಲ್ಲು ಗಂಡನ ಹೆಸರಿನಲ್ಲಿ, ತೋಟ ಮಾವನ ಹೆಸರಿನಲ್ಲಿ, ಬಡ್ಡಿಗೆ ಸಿಕ್ಕಿಕೊಂಡ ಚಿನ್ನ ಮಾತ್ರ ಅವಳದು. 2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ಮುಟ್ಟಿತು. ಬಿಡಿಸದೆ ಹರಾಜಿಗೆ ಹೋದ ಒಡವೆಯನ್ನು ಇನ್ನೊಮ್ಮೆ ಮಾಡಿಸುವುದು ಯಾರಿಂದ ಸಾಧ್ಯ? ಈ ವಿಷಯದಲ್ಲಿ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಪ್ರತಿ ಮದುಮಗಳೂ ತಿಳಿದಿರಬೇಕು. ಕೇರಳದ ಹೆಣ್ಣುಮಗಳೊಬ್ಬಳು ತವರಿನಿಂದ ತಂದ 89 ಪವನ್ ಚಿನ್ನದ ಪ್ರಕರಣವದು. ಸ್ತ್ರೀಧನ ಗಂಡ ಹೆಂಡತಿಯ ಜಂಟಿ ಆಸ್ತಿಯಲ್ಲ, ಅದು ಪೂರ್ತಿ ಅವಳದು. ಕಷ್ಟಕಾಲದಲ್ಲಿ ಗಂಡ ಬಳಸಿಕೊಳ್ಳಬಹುದು, ಆದರೆ ಅದನ್ನು ಅಥವಾ ಅದರ ಬೆಲೆಯನ್ನು ಹಿಂತಿರುಗಿಸುವ ಹೊಣೆ ಅವನದೇ ಎಂದು ಕೋರ್ಟ್ ಹೇಳಿತು. ಅವಳಿಗೆ 25 ಲಕ್ಷ ರೂಪಾಯಿ ಕೊಡಿಸಿತು. ಅಡವಿಟ್ಟ ಚೀಟಿ ಹೆಂಡತಿಯ ಹೆಸರಿನಲ್ಲೇ ಇರಲಿ, ಆ ಹಣ ತೋಟದ ಯಾವ ಕೆಲಸಕ್ಕೆ ಹೋಯಿತು ಎಂದು ತೋಟದ ಲೆಕ್ಕದ ಪುಸ್ತಕದಲ್ಲಿ ಸಾಲವಾಗಿ ಬರೆದಿರಲಿ. ನಮ್ಮ ಮನೆಯಲ್ಲಿ ಈಗ ಹಾಗೆ ಬರೆಯುತ್ತೇವೆ.

ಆ ಜನವರಿಯ ನಂತರ ನಾವು ಕುಳಿತು ಮಾತನಾಡಿದೆವು. ಖಾತೆ ಜಂಟಿಯಾಯಿತು, 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಎಂಬ ಷರತ್ತಿನ ಮೇಲೆ. ಬರೀ ಜಂಟಿ ಎಂದು ಬರೆಸಿ ಇಬ್ಬರ ಸಹಿಯೂ ಬೇಕು ಎಂದಾದರೆ ಮತ್ತದೇ ಗೋಳು, ಅದನ್ನು ಗಮನಿಸಿ. ಕಾಫಿ, ಕರಿಮೆಣಸಿನ ಬಿಲ್ಲು ಆ ಖಾತೆಗೆ ಬರುವಂತೆ ಮಾಡಿದೆವು. ಗಂಡನ ಹೆಸರಿನಲ್ಲಿದ್ದ ಸಾಗು ಜಾಗದ ಒಂದು ಭಾಗವನ್ನು ನನ್ನ ಹೆಸರಿಗೆ ದಾನಪತ್ರ ಮಾಡಿದರು. ಜಮ್ಮ ಜಾಗದಲ್ಲಿ ಅದು ಇಷ್ಟು ಸಲೀಸಲ್ಲ. ಸಾಗು ಜಾಗದಲ್ಲಿ ಆಗುತ್ತದೆ. ಗಂಡ ಹೆಂಡತಿಯ ನಡುವಿನ ದಾನಪತ್ರಕ್ಕೆ ಮಾರಾಟದ ಕ್ರಯಪತ್ರದಂತೆ ಜಾಗದ ಬೆಲೆಯ ಮೇಲೆ ಶೇಕಡಾ ಲೆಕ್ಕದ ಮುದ್ರಾಂಕ ಶುಲ್ಕವಿಲ್ಲ, ನಿಗದಿತ ಸಣ್ಣ ಮೊತ್ತ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ, ಲಕ್ಷಗಟ್ಟಲೆ ಖರ್ಚಾಗುತ್ತದೆ ಎಂದು ಹೆದರಿ ಕೈಬಿಡುತ್ತಾರೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಡುವುದಾದರೆ 11ಇ ನಕ್ಷೆ ಬೇಕು. ಭೂಮಾಪಕರು ಬಂದು ಅಳೆಯುವ ತನಕ ಕಾಯಬೇಕಾಗುತ್ತದೆ. ಕಾದದ್ದಕ್ಕೆ ಫಲವಿದೆ. ಪಹಣಿಯಲ್ಲಿ ಹೆಸರಿದ್ದರೆ ಸಹಕಾರ ಸಂಘದಲ್ಲಿ ಬೆಳೆ ಸಾಲಕ್ಕೆ ಅರ್ಜಿ ಹಾಕಬಹುದು. ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಬಡ್ಡಿ ಇಲ್ಲದ ಬೆಳೆ ಸಾಲದ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿತು. ಆ ಸಾಲ ಸಿಕ್ಕರೆ ಬಳೆ ಅಡವಿಡುವ ಪ್ರಮೇಯವೇ ಬರುವುದಿಲ್ಲ.

ದಾನಪತ್ರದ ಮಾತು ಬಂದ ದಿನ ಮಾವ ಏನೂ ಹೇಳದೆ ಎದ್ದು ತೋಟಕ್ಕೆ ಹೋದರು. ಮಾವಿ (ಅತ್ತೆ) ಮಾತ್ರ ಒಲೆಯ ಮುಂದಿನಿಂದ ತಿರುಗದೆಯೇ ಅಂದರು: "ಮಾಡ್ಲಿ ಬಿಡು. ನನಗೂ ಯಾರಾದ್ರೂ ಮಾಡಿದ್ದಿದ್ರೆ ನಾನು ಕೈಖರ್ಚಿಗೆ ಮೊಟ್ಟೆ ಮಾರಿ ದುಡ್ಡು ಕೂಡಿಡಬೇಕಾಗಿರಲಿಲ್ಲ." ಆ ಮಾತಿನ ಮುಂದೆ ಬೇರೆ ವಾದ ಬೇಕಾಗಲಿಲ್ಲ.

ಹೆಸರಿನ ಪ್ರಶ್ನೆ ಮಾಲೀಕರ ಮನೆಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಹಿಂದೆ ನಮ್ಮ ತೋಟದಲ್ಲಿ ಕೂಲಿಗೆ ಬರುವ ಗಂಡ ಹೆಂಡತಿ ಇಬ್ಬರೂ ಕೊಯ್ದ ಕಾಫಿಯನ್ನು ಚೆಕ್‌ರೋಲಿನಲ್ಲಿ ಗಂಡನ ಹೆಸರಿನ ಎದುರು ಒಟ್ಟಾಗಿ ಬರೆದು ಕೂಲಿ ಅವನ ಕೈಗೆ ಕೊಡುತ್ತಿದ್ದರು. ಈಗ ಅವಳ ಕಿಲೋ ಅವಳ ಹೆಸರಿಗೆ, ದುಡ್ಡು ಅವಳ ಕೈಗೆ. ಲೈನ್ ಮನೆಯ ಒಬ್ಬಾಕೆಗೆ 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ. ಅವಳ ಹೆಸರಿನ ಮೊದಲ ಬ್ಯಾಂಕ್ ಖಾತೆ ತೆರೆದದ್ದೇ ಅದಕ್ಕಾಗಿ. ಮಗಳ ಮದುವೆಗೆ ಎಂದು ಅದನ್ನು ಮುಟ್ಟದೆ ಇಟ್ಟಿದ್ದಾಳೆ. ಗಂಡ ಕೇಳಿದರೆ "ಸರ್ಕಾರ ನನಗೆ ಕೊಟ್ಟದ್ದು" ಎನ್ನುತ್ತಾಳಂತೆ. ಸ್ವಂತ ಹೆಸರಿನ ಖಾತೆ ಒಂದು ಹೆಣ್ಣಿನ ದನಿಗೆ ಏನು ಮಾಡುತ್ತದೆ ಎಂಬುದನ್ನು ನಾನು ಅವಳಲ್ಲಿ ನೋಡಿದ್ದೇನೆ.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳು ಮದುವೆಯಾಗಲಿರುವ ಹುಡುಗನೂ ಅಲ್ಲೇ, ಅಮ್ಮತ್ತಿಯ ಹತ್ತಿರದ ತೋಟದವನು. ಪರಿಚಯವಾದದ್ದು ಕೊಡವ ಹಾಕಿ ಹಬ್ಬದಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಆ ಪಂದ್ಯಾವಳಿ ಒಕ್ಕಗಳನ್ನು ಒಟ್ಟು ಸೇರಿಸಿದ್ದಷ್ಟೇ ಅಲ್ಲ, ನಮ್ಮ ಮಕ್ಕಳು ತಾವಾಗಿ ಒಬ್ಬರನ್ನೊಬ್ಬರು ನೋಡಿ ಮಾತನಾಡುವ ಜಾಗವೂ ಆಗಿದೆ. ಇಬ್ಬರೂ ಒಳ್ಳೆಯ ಮಕ್ಕಳು. ಹೋಟೆಲಿಗೆ ಹೋದರೆ ಬಿಲ್ಲು ಅರ್ಧ ಅರ್ಧ, ಸಿನಿಮಾ ಟಿಕೆಟ್ ಒಬ್ಬರದಾದರೆ ಪಾಪ್‌ಕಾರ್ನ್ ಇನ್ನೊಬ್ಬರದು, ಉಳಿದ ಬಾಕಿ ಫೋನಿನಲ್ಲೇ ಚುಕ್ತಾ. ಗಂಡಸೇ ಕೊಡಬೇಕು ಎಂಬ ಹಳೆಯ ಗತ್ತು ಅವನಿಗೂ ಇಲ್ಲ, ಕೊಡಲಿ ಎಂಬ ಆಸೆ ಅವಳಿಗೂ ಇಲ್ಲ. ನೋಡಿ ನನಗೆ ನೆಮ್ಮದಿಯಾಗುತ್ತದೆ.

ಆದರೆ ಮದುವೆಯ ಮಾತು ಬಂದ ಕೂಡಲೇ ಆ ಅರ್ಧ ಅರ್ಧದ ಲೆಕ್ಕ ಕಾಣೆಯಾಯಿತು. ಹುಡುಗನ ಅಪ್ಪನಿಗೆ ವಯಸ್ಸಾಗಿದೆ, ಇನ್ನೆರಡು ಮೂರು ವರ್ಷದಲ್ಲಿ ಯಾರಾದರೂ ಊರಿಗೆ ಬಂದು ತೋಟ ನೋಡಬೇಕು. ಇಬ್ಬರೂ ಬರುತ್ತಾರೆ ಎಂದು ಎರಡೂ ಕಡೆಯ ಹಿರಿಯರು ತೀರ್ಮಾನಿಸಿಬಿಟ್ಟಿದ್ದರು. ನಾನು ಅವಳನ್ನು ಕೂರಿಸಿಕೊಂಡು ಕೇಳಿದೆ. ಅವನು ಕೆಲಸ ಬಿಟ್ಟು ಬಂದರೆ ಅವನಿಗೆ ತೋಟ ಇದೆ. ನೀನು ಬಿಟ್ಟು ಬಂದರೆ ನಿನಗೇನಿದೆ? ಕಾಯಂ ಕೆಲಸವನ್ನು ಐದು ವರ್ಷ ತುಂಬುವ ಮುಂಚೆ ಬಿಟ್ಟರೆ ಗ್ರಾಚ್ಯುಟಿ ಇಲ್ಲ. ಭವಿಷ್ಯ ನಿಧಿಯ ಪಿಂಚಣಿಗೆ ಹತ್ತು ವರ್ಷದ ಸೇವೆ ತುಂಬಬೇಕು. ವರ್ಷವರ್ಷ ಏರುವ ಸಂಬಳ ನಿಲ್ಲುತ್ತದೆ. ಇಬ್ಬರೂ ಸೇರಿ ಕಂತು ಕಟ್ಟುತ್ತಿರುವ ಕಾರು ಯಾರ ಹೆಸರಿನಲ್ಲಿದೆ? ಅವನ ಹೆಸರಿನಲ್ಲಿ ಎಂದಳು. ಅವಳಿಗೆ ಅವನ ಮೇಲೆ ಅನುಮಾನವಿಲ್ಲ, ನನಗೂ ಇಲ್ಲ. ಕೆಲಸ ಬಿಡಬೇಡ ಎಂದೂ ನಾನು ಹೇಳಲಿಲ್ಲ. ತೋಟದ ಬದುಕು ನನಗೆ ಕೊಟ್ಟದ್ದು ಬಹಳ, ಅವಳಿಗೂ ಕೊಟ್ಟೀತು. ಬಿಟ್ಟು ಬರುವುದರ ಬೆಲೆ ಎಷ್ಟೆಂದು ಬರೆದು ಇಬ್ಬರೂ ನೋಡಿ ಎಂದಷ್ಟೇ ಹೇಳಿದೆ.

ರೈತನ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ ಎಂಬ ಕೂಗು ಎಲ್ಲ ಕಡೆಯೂ ಇದೆ. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಚುನಾವಣೆಯ ಪ್ರಚಾರದಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ರೈತರ ಮಗನನ್ನು ಮದುವೆಯಾಗುವ ಹೆಣ್ಣಿಗೆ ಎರಡು ಲಕ್ಷ ರೂಪಾಯಿ ಕೊಡುವ ಭರವಸೆ ಕೊಟ್ಟರು. ಆ ಯುವಕರ ನೋವು ನಿಜವಾದದ್ದು. ನಮ್ಮ ಊರಲ್ಲೂ ಒಂಟಿಯಾಗಿ ಉಳಿದ, ಅಪ್ಪ ಅಮ್ಮನನ್ನು ನೋಡಿಕೊಂಡು ತೋಟದಲ್ಲೇ ಕರಗುತ್ತಿರುವ ಗಂಡುಮಕ್ಕಳನ್ನು ಬಲ್ಲೆ. ಆದರೆ ಹುಡುಗಿಯರು ದುರಾಸೆಯಿಂದ ಬರುತ್ತಿಲ್ಲ ಎನ್ನುವ ಮಾತನ್ನು ನಾನು ಒಪ್ಪಲಾರೆ. ಸಂಬಳ, ಸ್ವಂತ ಖಾತೆ, ಸ್ವಂತ ನಿರ್ಧಾರ ಇವೆಲ್ಲ ಇರುವ ಹುಡುಗಿಯನ್ನು ಏನೂ ತನ್ನದಲ್ಲದ ಮನೆಗೆ ದುಡಿಯಲು ಕರೆದರೆ ಅವಳು ಹಿಂಜರಿಯುವುದು ಸಹಜ. ಎರಡು ಲಕ್ಷಕ್ಕಿಂತ ಒಂದು ಏಕರೆಯ ಪಹಣಿ ಹೆಚ್ಚು ಕೆಲಸ ಮಾಡೀತು.

ಗಂಡನ ಮನೆಯಲ್ಲಿ ಮಗಳಿಗೆ ಹೆಸರು ಬೇಕು ಎನ್ನುವ ತವರಿನವರು ತಮ್ಮ ಮನೆಯ ಪಹಣಿಯನ್ನೂ ತೆಗೆದು ನೋಡಬೇಕು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ಇಡೀ ದೇಶಕ್ಕೆ 2005ರಲ್ಲಿ ಬಂತು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಸ್ಪಷ್ಟಪಡಿಸಿತು. ಆದರೂ ಮದುವೆಯ ಸಂಭ್ರಮ ಮುಗಿದ ಕೆಲವೇ ತಿಂಗಳಿಗೆ ಮಗಳನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮನೆಗಳು ಸುತ್ತಮುತ್ತ ಬೇಕಷ್ಟಿವೆ. "ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎನ್ನುತ್ತಾರೆ. ಊಟದ ಖರ್ಚಿಗೂ ಭೂಮಿಯ ಪಾಲಿಗೂ ಗಂಟು ಹಾಕುವುದು ಅನ್ಯಾಯ. ಅಣ್ಣ ತಮ್ಮಂದಿರ ಮದುವೆಗೂ ಅಷ್ಟೇ ಜನ ಉಂಡಿರುತ್ತಾರೆ.

ಅಕ್ಕನ ಮಗಳು ಮತ್ತು ಹುಡುಗ ಕಳೆದ ತಿಂಗಳು ಊರಿಗೆ ಬಂದು ಎರಡೂ ಮನೆಯ ಹಿರಿಯರ ಎದುರು ಕುಳಿತರು. ಸಾಲ ಎಷ್ಟಿದೆ ಎಂದು ಪಹಣಿಯ 11ನೇ ಕಾಲಂ ತೋರಿಸಿ ಹುಡುಗನ ಅಪ್ಪನೇ ಮೊದಲು ಹೇಳಿದರು. ಅವಳೂ ತನ್ನ ವಿದ್ಯಾಭ್ಯಾಸ ಸಾಲದ ಬಾಕಿ ಹೇಳಿದಳು. ಊರಿಗೆ ಬರುವ ವರ್ಷ ಅವಳ ಹೆಸರಿಗೆ ಸಾಗು ಜಾಗದಲ್ಲಿ ಪಾಲು, ಅಲ್ಲಿಯ ತನಕ ಅವಳ ಸಂಬಳದಿಂದ ತೋಟಕ್ಕೆ ಹೋದದ್ದೆಲ್ಲ ಸಾಲದ ಲೆಕ್ಕ ಎಂದು ಮಾತಾಯಿತು. ಮದುವೆ ಮುಂದಿನ ಏಪ್ರಿಲ್‌ಗೆ. 11ಇ ನಕ್ಷೆಗೆ ಹುಡುಗನ ಅಪ್ಪ ಈಗಲೇ ಅರ್ಜಿ ಹಾಕಿದ್ದಾರೆ.