ಮಡಿಕೆಯ ಕಠಿಣ ಘಟ್ಟ

ಹಾಸನದ ಸಮೀಪದ ಬೂವನಹಳ್ಳಿಯಲ್ಲಾಗಲಿ, ನಾಡಿನ ಬೇರಾವ ಊರಿನಲ್ಲಾಗಲಿ, ಮುಂಗಾರಿನ ನೀರು ಬೀದಿಯಲ್ಲಿ ಹರಿಯತೊಡಗಿದೊಡನೆ ಹಳೆಯ ನೋಟುಪುಸ್ತಕದ ಹಾಳೆಗಳು ದೋಣಿಗಳಾಗುತ್ತವೆ. ಅಣ್ಣನೋ ಅಕ್ಕನೋ ಒಮ್ಮೆ ಮಾಡಿ ತೋರಿಸಿದರೆ ಸಾಕು, ಮಕ್ಕಳ ಕೈಗೆ ಆ ವಿದ್ಯೆ ಹತ್ತಿಬಿಡುತ್ತದೆ. ಕತ್ತರಿ ಬೇಡ, ಅಂಟು ಬೇಡ. ಇದೇ ಕಲೆಯನ್ನು ಜಪಾನೀಯರು ಬಹು ಎತ್ತರಕ್ಕೆ ಬೆಳೆಸಿದರು. ಅದರ ಹೆಸರು ಒರಿಗಾಮಿ. ‘ಒರಿ’ ಎಂದರೆ ಮಡಿಸುವುದು, ‘ಕಾಮಿ’ ಎಂದರೆ ಕಾಗದ.

ದೋಣಿ ಬಲ್ಲ ಹುಡುಗ ಕೊಕ್ಕರೆಗೆ ಕೈಹಾಕಿದಾಗ ತೊಡಕು ಎದುರಾಗುತ್ತದೆ. ಚೌಕದ ಹಾಳೆ ನಾಲ್ಕು ಪದರಗಳ ಪುಟ್ಟ ಚೌಕವಾಗುವವರೆಗೆ ಎಲ್ಲವೂ ಸುಗಮ. ಅನಂತರ ಮೇಲಿನ ಎರಡು ಅಂಚುಗಳನ್ನು ನಡುಗೆರೆಗೆ ಮಡಿಸಿ, ಬಿಚ್ಚಿ, ಮೇಲಿನ ಒಂದೇ ಪದರದ ಮೂಲೆಯನ್ನು ಹಿಡಿದು ಮೇಲಕ್ಕೆತ್ತಬೇಕು. ಹೂವಿನ ದಳ ಅರಳುವಂತೆ ಅದು ಏಳಬೇಕು. ಆದರೆ ಕಾಗದ ಏಳುವುದಿಲ್ಲ, ಸುಕ್ಕುಗಟ್ಟುತ್ತದೆ. ಹುಡುಗ ಬಲ ಹಾಕುತ್ತಾನೆ, ಮೂಲೆ ಹರಿಯುತ್ತದೆ. ಬಹಳ ಮಂದಿ ಈ ಕಲೆಯನ್ನು ಕೈಬಿಡುವುದು ಇಲ್ಲಿಯೇ.

ಕಾಗದದ ಮೊಂಡುತನಕ್ಕೆ ಕಾರಣವುಂಟು. ಆ ಪದರದಲ್ಲಿ ಮೊದಲು ತಗ್ಗಾಗಿ ಬಿದ್ದ ಗೆರೆ ಈಗ ಏಣಾಗಿ ತಿರುಗಬೇಕು. ಒಂದು ಕಡೆಗೆ ಮಡಿದ ನಾರು ಮತ್ತೊಂದು ಕಡೆಗೆ ಬಾಗಲು ಒಪ್ಪುವುದಿಲ್ಲ. ಆದುದರಿಂದ ಅನುಭವಿಗಳು ಆ ಗೆರೆಗಳನ್ನು ಮುಂಚಿತವಾಗಿಯೇ ಹಿಂದಕ್ಕೂ ಮುಂದಕ್ಕೂ ಮಡಿಸಿ, ಉಗುರಿನಿಂದ ತೀಡಿ ಪಳಗಿಸುತ್ತಾರೆ. ಹಾಗೆ ಮಾಡಿದಾಗ ದಳವು ತಾನಾಗಿಯೇ ಏಳುತ್ತದೆ. ಕಠಿಣವಾದ ಘಟ್ಟವನ್ನು ಗೆಲ್ಲುವ ಕೆಲಸ ಅದಕ್ಕೂ ಹಿಂದಿನ ಘಟ್ಟದಲ್ಲಿಯೇ ನಡೆದಿರುತ್ತದೆ.

ಮಡಿಕೆಗಳನ್ನು ಚಿತ್ರದಲ್ಲಿ ಬರೆದು ತೋರಿಸುವ ಕ್ರಮವನ್ನು ರೂಪಿಸಿದವರು ಅಕಿರಾ ಯೋಶಿಜಾವಾ (1911–2005). ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಅವರು ಕಿರಿಯ ನೌಕರರಿಗೆ ರೇಖಾಗಣಿತವನ್ನು ಕಾಗದ ಮಡಿಸಿಯೇ ವಿವರಿಸುತ್ತಿದ್ದರು. 1954ರಲ್ಲಿ ಪ್ರಕಟವಾದ ಅವರ ಪುಸ್ತಕದ ತುಂಡುಗೆರೆ, ಬಾಣಗಳ ಸಂಕೇತಗಳು ಮುಂದೆ ಜಗತ್ತಿಗೆಲ್ಲ ಹಬ್ಬಿದವು. ಈ ಚಿತ್ರಗಳನ್ನು ಓದುವುದರಲ್ಲಿ ಒಂದು ಗುಟ್ಟಿದೆ: ತೊಡಕಾದಾಗ ಅದೇ ಚಿತ್ರವನ್ನು ದಿಟ್ಟಿಸುತ್ತ ಕುಳಿತರೆ ಫಲವಿಲ್ಲ, ಅದರ ಮುಂದಿನ ಚಿತ್ರವನ್ನು ನೋಡಬೇಕು. ಕಾಗದ ಯಾವ ರೂಪಕ್ಕೆ ಬರಬೇಕೆಂಬುದು ಅಲ್ಲಿರುತ್ತದೆ.

ಜೀರುಂಡೆ, ಚೇಳುಗಳಂಥ ಜಟಿಲ ರೂಪಗಳಲ್ಲಿ ಚೂಪಾದ ತುದಿಯನ್ನು ಪದರಗಳ ಒಳಕ್ಕೆ ಇಳಿಸುವ ಮಡಿಕೆ ಬರುತ್ತದೆ. ಅದನ್ನು ಹೊರಗಿನಿಂದ ಒತ್ತಿ ಸಾಧಿಸಲಾಗದು. ಮಾಡಿದ್ದನ್ನೆಲ್ಲ ಬಹುಮಟ್ಟಿಗೆ ಬಿಚ್ಚಿ, ತುದಿಯ ಸುತ್ತಲ ಗೆರೆಗಳನ್ನೆಲ್ಲ ಏಣಾಗಿಸಿ, ನಡುವನ್ನು ಒಳಕ್ಕೆ ತಳ್ಳಿ, ಮತ್ತೆ ಮಡಿಸಿಕೊಂಡು ಬರಬೇಕು. ಒಂದು ಗಂಟೆಯ ದುಡಿಮೆಯನ್ನು ತನ್ನ ಕೈಯಾರೆ ಬಿಚ್ಚುವುದು ಯಾರಿಗೂ ಇಷ್ಟವಾಗದು. ಆದರೂ ಐದು ಸಲ ಇಮ್ಮಡಿಸಿದ ಹಾಳೆಯಲ್ಲಿ 32 ಪದರಗಳಿರುತ್ತವೆ. ಮೊದಲ ಗೆರೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಕೊನೆಗೆ ಅದು ಎದ್ದು ಕಾಣುತ್ತದೆ.

ಕೈಯಲ್ಲಿರುವ ಕಾಗದವನ್ನು ಬಿಚ್ಚಿ ಮತ್ತೆ ಮಡಿಸಬಹುದು. ಕೈಗೆಟುಕದ ಮಡಿಕೆಗಳೂ ಉಂಟು. ಉಪಗ್ರಹದ ಸೌರಫಲಕಗಳನ್ನು ಮಡಚಿಯೇ ಆಕಾಶಕ್ಕೆ ಕಳುಹಿಸಬೇಕಾಗುತ್ತದೆ. ಅಲ್ಲಿ ಅವು ತಾವಾಗಿ ತೆರೆದುಕೊಳ್ಳಬೇಕು. ಜಪಾನಿನ ವಿಜ್ಞಾನಿ ಕೊರ್ಯೊ ಮಿಯುರಾ ಇದಕ್ಕೆಂದೇ ಒಂದು ಮಡಿಕೆಯನ್ನು ರೂಪಿಸಿದರು. ಹಾಗೆ ಮಡಿಸಿದ ಹಾಳೆಯ ಎದುರುಬದುರು ಮೂಲೆಗಳನ್ನು ಹಿಡಿದು ಎಳೆದರೆ ಇಡೀ ಹಾಳೆ ಒಮ್ಮೆಗೇ ಹರಡಿಕೊಳ್ಳುತ್ತದೆ. 1995ರಲ್ಲಿ ಜಪಾನ್ ಅದನ್ನು ಬಾಹ್ಯಾಕಾಶದಲ್ಲಿ ಪ್ರಯೋಗಿಸಿತು.

ಬಾಹ್ಯಾಕಾಶದ ಮಡಿಕೆಯ ಕಷ್ಟವನ್ನು ಹಾಸನ ಅದಕ್ಕೂ ಮುನ್ನವೇ ಕಂಡಿತ್ತು. ಇನ್ಸಾಟ್ ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರ ಅಲ್ಲಿ ಸ್ಥಾಪಿತವಾದದ್ದು 1982ರಲ್ಲಿ. ಅದೇ ವರ್ಷದ ಏಪ್ರಿಲಿನಲ್ಲಿ ಹಾರಿದ ಇನ್ಸಾಟ್-1ಎ ಉಪಗ್ರಹದ ಸೌರಪಟ ತೆರೆದುಕೊಳ್ಳಲಿಲ್ಲ. ಸೆಪ್ಟೆಂಬರಿನಲ್ಲಿ ಆ ಉಪಗ್ರಹವನ್ನೇ ಕೈಬಿಡಬೇಕಾಯಿತು. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಇನ್ಸಾಟ್-1ಬಿ ಹೊರಟಿತು. ಈ ಸಲ ಸೌರಫಲಕವೇ ಬಿಚ್ಚಿಕೊಳ್ಳಲಿಲ್ಲ. ಒಂದು ಉಪಗ್ರಹವನ್ನು ಆಗಲೇ ಕಳೆದುಕೊಂಡಿದ್ದ ದೇಶಕ್ಕೆ ಅದು ದಿಗಿಲಿನ ಸಮಯ. ಭಾರತದ ಎಂಜಿನಿಯರುಗಳೂ ಉಪಗ್ರಹವನ್ನು ತಯಾರಿಸಿದ ಅಮೆರಿಕದ ತಜ್ಞರೂ ಭೂಮಿಯಿಂದ ಆಜ್ಞೆಗಳನ್ನು ಕಳುಹಿಸುತ್ತ ದಿನಗಟ್ಟಲೆ ಶ್ರಮಿಸಿದರು. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಫಲಕ ತೆರೆದುಕೊಂಡಿತು. ಅಕ್ಟೋಬರಿನಲ್ಲಿ ಇನ್ಸಾಟ್-1ಬಿ ಸುಮಾರು 36,000 ಕಿಲೋಮೀಟರ್ ಎತ್ತರದಿಂದ ದೂರದರ್ಶನ, ದೂರವಾಣಿ ಮತ್ತು ಹವಾಮಾನ ವೀಕ್ಷಣೆಯ ಸೇವೆಯನ್ನು ಆರಂಭಿಸಿತು.