ನಿಮ್ಮ ಹತ್ತಿ ಬೀಜ ನಿಜವಾಗಿ ಬಿಟಿನಾ? ಪಟ್ಟಿ ಪರೀಕ್ಷೆ ಹೇಳುತ್ತೆ

ಎರಡು ವರ್ಷದ ಹಿಂದೆ ಅಗ್ಗಕ್ಕೆ ಸಿಕ್ತು ಅಂತ ರಸೀದಿ ಇಲ್ಲದ ಲೂಸ್ ಹತ್ತಿ ಬೀಜ ತಂದು ಮೂರು ಎಕರೆಗೆ ಹಾಕಿದ್ದೆ. ಕಾಯಿ ಕಟ್ಟುವ ಹೊತ್ತಿಗೆ ಹಸಿರು ಕಾಯಿಕೊರಕ ಮುತ್ತಿತು. ಎಲೆ ಪರೀಕ್ಷೆ ಮಾಡಿಸಿದರೆ ಹೆಚ್ಚಿನ ಗಿಡ ಬಿಟಿಯೇ ಅಲ್ಲ! ಬಿತ್ತುವ ಮೊದಲೇ ಮಾಡಿಸಬೇಕಿದ್ದ ಪರೀಕ್ಷೆ ಅದು.

ಪಟ್ಟಿ ಹುಡುಕುವುದು ಏನನ್ನು?

ಬಿಟಿ ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಇರುತ್ತೆ. ಅದರಿಂದ ಗಿಡ ಹುಳಕ್ಕೆ ವಿಷವಾಗುವ ಪ್ರೋಟೀನ್ ತಯಾರಿಸುತ್ತೆ. 2002ರಲ್ಲಿ ಒಪ್ಪಿಗೆ ಸಿಕ್ಕ ಬಿಟಿ ಹತ್ತಿಯಲ್ಲಿ ಕ್ರೈ1ಎಸಿ ಇತ್ತು. 2006ರ ಬಿಜಿ-2ರಲ್ಲಿ ಕ್ರೈ2ಎಬಿ ಕೂಡ ಸೇರಿತು. ಈ ಪ್ರೋಟೀನೇ ಇಲ್ಲಿ ಆ್ಯಂಟಿಜನ್.

ದನಕ್ಕೆ ಲಸಿಕೆ ಹಾಕಿದಾಗ ಆ ರೋಗಾಣುವನ್ನೇ ಗುರುತು ಹಿಡಿಯುವ ಪ್ರತಿಕಾಯ ಹುಟ್ಟುತ್ತವಲ್ಲ, ಅದೇ ತತ್ವ. ಕ್ರೈ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯಗಳನ್ನು ತಯಾರಿಸಿ ಪಟ್ಟಿಯಲ್ಲಿ ಕೂರಿಸಿರುತ್ತಾರೆ.

ಮಾಡುವುದು ಹೇಗೆ?

1. ಒಂದು ಬೀಜ ಅಥವಾ ಎಳೆ ಎಲೆಯ ಚೂರನ್ನು ಸಣ್ಣ ಟ್ಯೂಬಿನಲ್ಲಿ ಕಿಟ್‌ನ ದ್ರಾವಣ ಹಾಕಿ ಅರೆಯಿರಿ.
2. ಪಟ್ಟಿಯ ತುದಿ ಅದ್ದಿ, ಕಿಟ್‌ನಲ್ಲಿ ಹೇಳಿದಷ್ಟು ನಿಮಿಷ ಕಾಯಿರಿ.

ರಸ ಮೇಲೇರುವಾಗ ಬಣ್ಣ ಕಟ್ಟಿದ ಪ್ರತಿಕಾಯ ಕ್ರೈ ಪ್ರೋಟೀನನ್ನು ಹಿಡಿದುಕೊಳ್ಳುತ್ತೆ. ಮುಂದೆ ಗೆರೆಯಲ್ಲಿ ಕೂತ ಇನ್ನೊಂದು ಪ್ರತಿಕಾಯ ಆ ಜೋಡಿಯನ್ನು ತಡೆದು ನಿಲ್ಲಿಸುತ್ತೆ. ಬಣ್ಣ ಅಲ್ಲೇ ಸೇರಿ ಗೆರೆ ಮೂಡುತ್ತೆ. ಇನ್ನೂ ಮೇಲಿರುವುದು ಕಂಟ್ರೋಲ್ ಗೆರೆ.

ಎರಡೂ ಗೆರೆ ಬಂದರೆ ಬಿಟಿ. ಕಂಟ್ರೋಲ್ ಮಾತ್ರ ಬಂದರೆ ಆ ಪ್ರೋಟೀನ್ ಸಿಕ್ಕಿಲ್ಲ. ಕಂಟ್ರೋಲ್ ಗೆರೆಯೇ ಬರದಿದ್ದರೆ ಪಟ್ಟಿ ಕೆಟ್ಟಿದೆ, ಬೇರೆ ಪಟ್ಟಿಯಲ್ಲಿ ಮತ್ತೆ ಮಾಡಿ. ಪ್ರೋಟೀನ್ ಎಷ್ಟಿದೆ ಅಂತ ಅಳೆಯಬೇಕಾದರೆ ಲ್ಯಾಬಿನಲ್ಲಿ ಎಲೈಸಾ ಮಾಡುತ್ತಾರೆ. ಅಲ್ಲೂ ಪ್ರತಿಕಾಯವೇ, ಆದರೆ ಬಣ್ಣದ ಗಾಢತೆಯನ್ನು ಯಂತ್ರ ಓದುತ್ತೆ.

ಮೋಸ ಹೋಗಬೇಡಿ

ಒಂದೇ ಬೀಜ ನೋಡಿ ತೀರ್ಮಾನಿಸಬೇಡಿ. ಹುಳದಲ್ಲಿ ನಿರೋಧಕ ಶಕ್ತಿ ಬೇಗ ಬೆಳೆಯದಿರಲಿ ಅಂತ ಪ್ಯಾಕೆಟಿನಲ್ಲೇ ಒಂದಿಷ್ಟು ಬಿಟಿಯಲ್ಲದ ಬೀಜ ಬೆರೆಸಿರಬಹುದು. ಹತ್ತಿಪ್ಪತ್ತು ಬೀಜ ಬೇರೆ ಬೇರೆಯಾಗಿ ಪರೀಕ್ಷಿಸಿ.

ಕ್ರೈ1ಎಸಿ ಪಟ್ಟಿ ಕ್ರೈ2ಎಬಿಯನ್ನು ತೋರಿಸಲ್ಲ, ಕಳೆನಾಶಕ ತಡೆಯುವ ಜೀನ್ ಇರೋದನ್ನೂ ಹೇಳಲ್ಲ. ಅದಕ್ಕೆಲ್ಲ ಬೇರೆ ಪಟ್ಟಿ ಬೇಕು.

ಎರಡು ಗೆರೆ ಬಂತು ಅಂತ ನಿಶ್ಚಿಂತೆಯಾಗಿ ಇರಬೇಡಿ. ಗುಲಾಬಿ ಕಾಯಿಕೊರಕ ಈ ಎರಡೂ ಪ್ರೋಟೀನಿಗೆ ನಿರೋಧಕ ಶಕ್ತಿ ಬೆಳೆಸಿಕೊಂಡಿದೆ. ಮೋಹಕ ಬಲೆ ಹಾಕಿ, ಹೂ-ಕಾಯಿ ಬಿಡಿಸಿ ನೋಡೋದು ತಪ್ಪಿದ್ದಲ್ಲ.

ರಸೀದಿ ತಗೊಳ್ಳಿ, ಖಾಲಿ ಪ್ಯಾಕೆಟ್ ಎಸೀಬೇಡಿ, ಲಾಟ್ ನಂಬರಿನ ಫೋಟೊ ಮೊಬೈಲಿನಲ್ಲಿರಲಿ. ಅನುಮಾನ ಬಂದರೆ ರೈತ ಸಂಪರ್ಕ ಕೇಂದ್ರದಲ್ಲಿ ಬರವಣಿಗೆಯಲ್ಲೇ ದೂರು ಕೊಡಿ. ನನ್ನ ಹತ್ತಿರ ಇವ್ಯಾವೂ ಇರಲಿಲ್ಲ, ಅದಕ್ಕೇ ಪರಿಹಾರ ಕೇಳೋಕೂ ಆಗಲಿಲ್ಲ.