ಅಸ್ತ್ರ ಒಲೆಯ ಮಸಿ

ಮಳೆಗಾಲಕ್ಕೆ ಮುನ್ನ ಸ್ಪ್ರೇಯರ್ ಬಿಚ್ಚಿ ತೊಳೆದು ವಾಷರ್ ಬದಲಿಸದ ಬೆಳೆಗಾರ ನಮ್ಮಲ್ಲಿ ಸಿಗಲಾರ. ಆದರೆ ದಿನವೂ ಉರಿಯುವ ಒಲೆಯ ಚಿಮಣಿಯನ್ನು ಗುಡಿಸಿದ್ದು ಯಾವಾಗ ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತೇವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಮೂರು ಪಾತ್ರೆಯ ಒಲೆ 1980ರ ದಶಕದಲ್ಲಿ ಹಳ್ಳಿಗಳಿಗೆ ಬಂತು. ಈಗ ಅಡುಗೆಗೆ ಗ್ಯಾಸ್ ಇದ್ದರೂ ಸ್ನಾನದ ನೀರಿಗೆ, ದನದ ಮುಸುರೆಗೆ ಈ ಒಲೆಯನ್ನು ಉಳಿಸಿಕೊಂಡವರು ನಮ್ಮ ಸದಸ್ಯರಲ್ಲಿ ಅನೇಕರಿದ್ದಾರೆ. ಹೊಗೆ ಒಳಗೆ ತಿರುಗಿತೆಂದು ಅದನ್ನು ಒಡೆದು ಹಾಕಿದವರೂ ಇದ್ದಾರೆ.

ನಾವೂ ಒಡೆಯುವವರೇ ಇದ್ದೆವು. ಒಂದು ಮಳೆಗಾಲ ಅಡುಗೆಮನೆ ತುಂಬ ಹೊಗೆ; ಒಲೆ ಕಟ್ಟಿದ ಮೇಸ್ತ್ರಿಯನ್ನು ಬೈದೆವು. ಆತ ಬಂದು ಚಿಮಣಿಯ ಬುಡದ ಕಿಂಡಿ ತೆರೆದು ಎರಡು ಬುಟ್ಟಿ ಮಸಿ ಹೊರಹಾಕಿದ. ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ.

ತಪ್ಪು ಸೌದೆಯಲ್ಲಿತ್ತು. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ಉರಿಯ ಕಾವು ಆ ನೀರನ್ನು ಆವಿಯಾಗಿಸಲು ಖರ್ಚಾಗುತ್ತದೆ. ತಣ್ಣಗಿನ ಹೊಗೆ ಮೇಲೇಳದೆ ಕೊಳವೆಯ ಒಳಮೈಗೆ ಡಾಂಬರಿನಂತೆ ಅಂಟುತ್ತದೆ. ದಾರಿ ಕಿರಿದಾದಷ್ಟೂ ಎಳೆತ ಕಡಿಮೆ, ಹೊಗೆ ಹೆಚ್ಚು. ಆದ್ದರಿಂದ ಸಿಲ್ವರ್ ಓಕ್ ಕೊಂಬೆ, ಕಾಫಿ ಗಿಡ ಸವರಿದ ಕಡ್ಡಿ ಯಾವುದೇ ಇರಲಿ, ಬೇಸಿಗೆಯಲ್ಲೇ ಸೀಳಿ ಮಾಡಿನಡಿ ಒಟ್ಟಬೇಕು.

ದಿನವೂ ಜಾಲರಿಯ ಕೆಳಗಿನ ಬೂದಿ ತೆಗೆಯಿರಿ. ಅದು ತುಂಬಿದರೆ ಗಾಳಿ ಒಳಬರುವುದಿಲ್ಲ. ಪಾತ್ರೆ ಬಾಯಿಗೆ ಸರಿಯಾಗಿ ಕೂರಬೇಕು. ಒಂದೇ ಪಾತ್ರೆಯ ಕೆಲಸವಿದ್ದಾಗಲೂ ಉಳಿದೆರಡು ಬಾಯಿಗಳ ಮೇಲೆ ನೀರು ತುಂಬಿದ ಪಾತ್ರೆ ಇಡತಕ್ಕದ್ದು. ಇದನ್ನು ಮರೆತು ಒಲೆಯನ್ನು ದೂರುವವರೇ ಹೆಚ್ಚು. ಬಿರುಕುಗಳಿಗೆ ಜೇಡಿಮಣ್ಣು, ಸಗಣಿ ಕಲಸಿ ಮೆತ್ತಬೇಕು. ತಿಂಗಳಿಗೊಮ್ಮೆ, ಒಲೆ ಪೂರ್ಣ ಆರಿದ ಮೇಲೆ, ಚಿಮಣಿ ಗುಡಿಸಿ ಬುಡದ ಮಸಿ ತೆಗೆಯಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಇಣುಕಿ ನೋಡುವುದು ಒಳ್ಳೆಯದು.

ಕೊಳವೆ ಕಲ್ನಾರಿನದಾದರೆ, ಅಂದರೆ ಆಸ್‌ಬೆಸ್ಟಾಸ್ ಸಿಮೆಂಟಿನದಾದರೆ, ಒಣ ಬ್ರಷ್‌ನಿಂದ ಕೆರೆಯುವುದಾಗಲಿ, ಗರಗಸದಿಂದ ಕೊಯ್ಯುವುದಾಗಲಿ ಕೂಡದು. ಅದರ ದೂಳು ಶ್ವಾಸಕೋಶಕ್ಕೆ ಅಪಾಯ, ಕ್ಯಾನ್ಸರಿಗೂ ಕಾರಣ. ಒದ್ದೆ ಬಟ್ಟೆಯ ಉಂಡೆಯನ್ನು ಹಗ್ಗಕ್ಕೆ ಕಟ್ಟಿ ಮೆಲ್ಲನೆ ಎಳೆಯಿರಿ. ಬಿರುಕು ಬಿಟ್ಟಿದ್ದರೆ ನೀರು ಚಿಮುಕಿಸಿ, ಒಡೆಯದೆ ಇಡಿಯಾಗಿ ಇಳಿಸಿ ಕಬ್ಬಿಣದ ಕೊಳವೆ ಹಾಕಿಸುವುದೇ ಲೇಸು.

ಅಂಟಿದ ಮಸಿ ಒಂದು ದಿನ ಜೋರು ಉರಿಗೆ ತಾನೇ ಹೊತ್ತಿಕೊಳ್ಳಬಹುದು. ಕೊಳವೆ ಗುಡುಗಿದಂತೆ ಸದ್ದು ಮಾಡುತ್ತದೆ, ಕಿಡಿ ಮಾಡಿನ ಮೇಲೆ ಬೀಳುತ್ತದೆ. ಪಕ್ಕದಲ್ಲಿ ಹುಲ್ಲಿನ ಬಣವೆಯೋ ಅಡಿಕೆ ಸಿಪ್ಪೆಯ ರಾಶಿಯೋ ಇದ್ದರೆ ಗತಿಯೇನು? ಅಂಥ ವೇಳೆ ಚಿಮಣಿಗೆ ನೀರು ಸುರಿಯಬೇಡಿ, ಕಾದ ಕೊಳವೆ ಸಿಡಿದೀತು. ಒಲೆಬಾಯಿ, ಗಾಳಿಕಿಂಡಿಗಳನ್ನು ತಗಡಿನಿಂದ ಮುಚ್ಚಿ, ಮನೆಮಂದಿಯನ್ನು ಹೊರಗೆ ಕಳಿಸಿ ಅಗ್ನಿಶಾಮಕ ದಳಕ್ಕೆ ತಿಳಿಸಿ. ಕೆಂಡ ಇರುವಾಗ ಚಳಿಗೆಂದು ಬಾಗಿಲು, ಕಿಟಕಿ, ಚಿಮಣಿ ಮುಚ್ಚಿ ಮಲಗುವುದೂ ಸಲ್ಲದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ.

ಬೂದಿಯನ್ನು ಗೋಣಿಗೆ ತುಂಬಬೇಡಿ. ಒಳಗಿನ ಕೆಂಡ ಮರುದಿನವೂ ಜೀವಂತವಿರಬಹುದು. ಮುಚ್ಚಳದ ಡಬ್ಬಿಯಲ್ಲಿ ಆರಿದ ಮೇಲೆ ತೋಟಕ್ಕೆ ಹಾಕಿ, ಪೊಟ್ಯಾಷ್ ಸಿಗುತ್ತದೆ. ಯೂರಿಯಾದೊಡನೆ ಮಾತ್ರ ಬೆರೆಸಬೇಡಿ, ಸಾರಜನಕ ಆವಿಯಾಗಿ ಹೋಗುತ್ತದೆ.

ಕಬ್ಬಿಣದ ಚಿಮಣಿಗೆ ಹೊಂದುವ ಉದ್ದ ಹಿಡಿಯ ಬ್ರಷ್ ಒಂದನ್ನು ಸಂಘದ ಕಚೇರಿಯಲ್ಲಿ ಇರಿಸಿದ್ದೇವೆ. ಬೇಕಾದ ಸದಸ್ಯರು ರಿಜಿಸ್ಟರಿನಲ್ಲಿ ರುಜು ಹಾಕಿ ಒಯ್ದು, ಮೂರು ದಿನದೊಳಗೆ ತೊಳೆದು ಹಿಂದಿರುಗಿಸತಕ್ಕದ್ದು.